ಕೆಂಪು ದಾರ ಮೈಗೆ ಸಿಕ್ಕಿಸಿಕೋ, ತಮ್ಮಾ

(ಹಿನ್ನೀರಿನಲ್ಲಿ ಮೋಟಾರು ದೋಣಿ ಓಡಿಸುವ ಹುಡುಗನಿಗೊಂದು ಬಹಿರಂಗ ಪತ್ರ)

ಪಿರಿಯಾಪಟ್ಟಣ

ಪ್ರೀತಿಯ ತಮ್ಮನಿಗೆ,

ಹೋದ ಭಾನುವಾರ ನಿನ್ನ ದೋಣಿಯಲ್ಲಿ ಕೂತಿದ್ದ ಹನ್ನೊಂದು ಜನರಲ್ಲಿ ನಾನೂ ಒಬ್ಬ. ಹಿಂದಿನ ಸಾಲಿನಲ್ಲಿ, ನಿನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಿದ್ದೆ. ಕನ್ನಡಕ ಹಾಕಿಕೊಂಡು ಆಗಾಗ ಬಗ್ಗಿ ನಿನ್ನ ಮೋಟಾರನ್ನೇ ನೋಡುತ್ತಿದ್ದವನು ಎಂದರೆ ನೆನಪಾಗಬಹುದು. ನಿನ್ನ ಹೆಸರು ಬರೆಯುವುದಿಲ್ಲ, ಅದು ಯಾವ ದಡ ಎಂದೂ ಬರೆಯುವುದಿಲ್ಲ. ಇಳಿಯುವಾಗ ನಿನ್ನ ಹತ್ತಿರ ಮಾತಾಡಿದೆ. ನೀನು "ಏನೂ ಆಗಲ್ಲ ಬಿಡಣ್ಣ, ನಾಲ್ಕು ವರ್ಷದಿಂದ ಓಡಿಸ್ತಾ ಇದೀನಿ" ಅಂದೆ. ಅಷ್ಟರಲ್ಲಿ ಮುಂದಿನ ಗುಂಪು ಹತ್ತುತ್ತಿತ್ತು. ಅಲ್ಲಿ ಮುಗಿಯದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದು ಯಾಕೆಂದರೆ, ನಾನು ಕಂಡದ್ದು ನಿನ್ನೊಬ್ಬನ ದೋಣಿಯಲ್ಲಿ ಮಾತ್ರ ಇರುವಂಥದ್ದಲ್ಲ.

ಮೂವತ್ತು ವರ್ಷದಿಂದ ನಾನು ಪಂಪ್‌ಸೆಟ್ಟು, ಪವರ್ ಟಿಲ್ಲರು, ಔಷಧಿ ಹೊಡೆಯುವ ಸ್ಪ್ರೇಯರು ರಿಪೇರಿ ಮಾಡುತ್ತಿರುವವನು. ಹೊಗೆಸೊಪ್ಪಿನ ಸೀಮೆಯಲ್ಲಿ ಟೂ ಸ್ಟ್ರೋಕ್ ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವವರು ಬಹಳ ಜನ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ದೋಣಿಯ ಮೋಟಾರುಗಳು ನನ್ನ ಅಂಗಡಿಗೆ ಬರತೊಡಗಿ ಹತ್ತು ವರ್ಷವಾಯಿತು. ಆದ್ದರಿಂದ ಏನೂ ತಿಳಿಯದೆ ಭಯಪಟ್ಟು ಬರೆದ ಪತ್ರ ಇದಲ್ಲ.

ಕಂಡದ್ದು ಇದು. ನಿನ್ನ ಮೋಟಾರಿನ ಮುಂದೆ ಕೆಂಪು ಸ್ವಿಚ್ಚು ಇದೆಯಲ್ಲ, ಅದರ ಕುತ್ತಿಗೆಗೆ ಹಿಡಿದು ಕೂರಬೇಕಾದ ಕ್ಲಿಪ್ಪು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಪಿವಿಸಿ ಪೈಪಿನ ಚೂರೊಂದನ್ನು ಬ್ಲೇಡಿನಿಂದ ಕೊರೆದು, ಕುದುರೆ ಲಾಳದ ಆಕಾರ ಮಾಡಿ ಸಿಕ್ಕಿಸಿದ್ದರು. ಬಿಸಿಲಿಗೆ ಹಳದಿ ತಿರುಗಿ, ಎಣ್ಣೆ ಕುಡಿದು ಕಪ್ಪಾಗಿತ್ತು. ಅಂದರೆ ಮೊನ್ನೆ ಮೊನ್ನೆ ಹಾಕಿದ್ದಲ್ಲ. ಕ್ಲಿಪ್ಪಿನ ಜೊತೆ ಬಂದಿದ್ದ ಕೆಂಪು ಸುರುಳಿ ದಾರ ಎಲ್ಲಿ ಹೋಯಿತು ಎಂದು ಹುಡುಕಿದೆ. ಅದು ಪೆಟ್ರೋಲ್ ಟ್ಯಾಂಕು ಅಲುಗಾಡದಿರಲಿ ಎಂದು ಟ್ಯಾಂಕಿನ ಹಿಡಿಕೆಯನ್ನು ದೋಣಿಯ ಪಕ್ಕೆಲುಬಿಗೆ ಕಟ್ಟಿತ್ತು. ನಿನ್ನನ್ನು ಮೋಟಾರಿಗೆ ಕಟ್ಟಬೇಕಾದ ದಾರ ಟ್ಯಾಂಕನ್ನು ಕಟ್ಟಿ ಕೂತಿತ್ತು.

ಆ ದಾರದ ಕೆಲಸ ಒಂದೇ. ಒಂದು ತುದಿ ಸ್ವಿಚ್ಚಿನಲ್ಲಿ, ಇನ್ನೊಂದು ತುದಿ ಓಡಿಸುವವನ ಮೈಯಲ್ಲಿ. ಓಡಿಸುವವನು ಜಾರಿದರೆ, ಬಿದ್ದರೆ, ತಲೆಸುತ್ತು ಬಂದು ಕುಸಿದರೆ ಕ್ಲಿಪ್ಪು ಕಿತ್ತು ಬರುತ್ತದೆ, ಮೋಟಾರು ಆ ಕ್ಷಣವೇ ಸಾಯುತ್ತದೆ. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬಹಳ ಜನ ತಪ್ಪಾಗಿ ಊಹಿಸುತ್ತಾರೆ. ಓಡಿಸುವವನು ಬಿದ್ದರೆ ದೋಣಿ ನೆಟ್ಟಗೆ ಮುಂದಕ್ಕೆ ಹೋಗಿಬಿಡುತ್ತದೆ, ಆಮೇಲೆ ಈಜಿ ದಡ ಸೇರಬಹುದು ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ನೀರೊಳಗಿನ ಫ್ಯಾನು ತಿರುಗುವ ರಭಸಕ್ಕೆ, ಕೈಬಿಟ್ಟ ಮೋಟಾರು ತಾನಾಗಿ ಒಂದು ಪಕ್ಕಕ್ಕೆ ಹೊರಳಿಕೊಳ್ಳುತ್ತದೆ. ಹೊರಳಿದ ಮೇಲೆ ದೋಣಿ ಸುತ್ತು ಹಾಕತೊಡಗುತ್ತದೆ. ಆ ಸುತ್ತಿನ ಒಳಗೇ ಬಿದ್ದವನು ಇರುತ್ತಾನೆ. ದೋಣಿ ಮತ್ತೆ ಅವನ ಮೇಲೇ ಬರುತ್ತದೆ.

2013ರ ಮೇ 5ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪ್ಯಾಡ್‌ಸ್ಟೋ ಹತ್ತಿರ ಆದದ್ದು ಅದೇ. ಅಪ್ಪ, ಅಮ್ಮ, ನಾಲ್ಕು ಮಕ್ಕಳು ಒಂದು ಸ್ಪೀಡ್ ಬೋಟಿನಲ್ಲಿದ್ದರು. ಜೋರಾಗಿ ತಿರುಗಿದ ಹೊಡೆತಕ್ಕೆ ಆರೂ ಜನ ನೀರಿಗೆ ಬಿದ್ದರು. ದಾರ ಯಾರ ಮೈಗೂ ಸಿಕ್ಕಿಸಿರಲಿಲ್ಲ. ಖಾಲಿ ದೋಣಿ ಸುತ್ತುತ್ತ ಬಂದು ಅವರ ಮೇಲೇ ಹಾಯಿತು. ಅಪ್ಪ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು, ಉಳಿದವರಲ್ಲಿ ಕೆಲವರಿಗೆ ಭಾರಿ ಗಾಯಗಳಾದವು. ದೋಣಿ ಹೊಸ ಕಾಲದ್ದು, ಮೋಟಾರು ಒಳ್ಳೆಯದು, ಹಗಲು ಹೊತ್ತು. ಸಿಕ್ಕಿಸಿಕೊಳ್ಳಬೇಕಿದ್ದ ದಾರ ಅಲ್ಲೇ ಇತ್ತು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಮೋಟಾರು ದೋಣಿ ಓಡಿಸುವವನು ಈ ದಾರವನ್ನೋ ಅಂಥದ್ದೇ ಬೇರೆ ಸಾಧನವನ್ನೋ ಮೈಗೆ ಸಿಕ್ಕಿಸಿಕೊಂಡಿರಲೇಬೇಕು ಎಂಬ ಕಾನೂನು ಬಂತು.

ಫ್ಯಾನಿನ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿನ್ನದು ಮೂರು ಎಲೆಯ ಫ್ಯಾನು. ಇಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದರೆ, ಕೆಳಗಿನ ಗೇರಿನಲ್ಲಿ ಅದು ಅರ್ಧಕ್ಕಿಳಿದು ಫ್ಯಾನು ಸುಮಾರು 2500 ಸುತ್ತು ತಿರುಗುತ್ತದೆ ಎಂದಿಟ್ಟುಕೋ. ಮೂರು ಎಲೆಯ ಲೆಕ್ಕದಲ್ಲಿ ಸೆಕೆಂಡಿಗೆ 125 ಏಟು. ನಮ್ಮ ಕಡೆ ಟ್ರ್ಯಾಕ್ಟರಿನ ರೋಟವೇಟರ್ ತಿರುಗುತ್ತಿರುವಾಗ ಅದರ ಹಿಂದೆ ಮಗುವನ್ನು ನಿಲ್ಲಿಸುವ ರೈತ ಒಬ್ಬನೂ ಇಲ್ಲ. ಅದು ಕಣ್ಣಿಗೆ ಕಾಣುತ್ತದೆ, ಮಣ್ಣು ಎಗರಿಸುತ್ತದೆ, ಎದೆ ಝಲ್ಲೆನ್ನುತ್ತದೆ. ನಿನ್ನ ಫ್ಯಾನೂ ರೋಟವೇಟರೇ, ನೀರಿನೊಳಗೆ ಅವಿತಿದೆ ಅಷ್ಟೇ. ಮೊನ್ನೆ ದಡಕ್ಕೆ ಬಂದಾಗ ನೀನು ಮೋಟಾರು ನ್ಯೂಟ್ರಲ್‌ನಲ್ಲಿಟ್ಟು, ಆರಿಸದೆ, ಜನರನ್ನು ಹಿಂದಿನಿಂದ ಮೊಣಕಾಲುದ್ದ ನೀರಿಗೆ ಇಳಿಸಿದೆ. ಗೇರಿನ ಹಿಡಿಗೆ ಯಾರದೋ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡು ಎಳೆದಿದ್ದರೆ? ಜನ ಇಳಿಯುವಾಗ, ಹತ್ತುವಾಗ, ಹತ್ತಿರ ಯಾರಾದರೂ ಈಜುತ್ತಿರುವಾಗ ಮೋಟಾರು ಪೂರ್ತಿ ಆರಿರಬೇಕು. ನ್ಯೂಟ್ರಲ್ ಸಾಲದು.

ಬೆಳಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಹೀಗೆ ಮಾಡು. ದಾರ ಸಿಕ್ಕಿಸಿಕೊಂಡು ಮೋಟಾರು ಸ್ಟಾರ್ಟ್ ಮಾಡು. ಸಣ್ಣ ವೇಗದಲ್ಲಿ ಓಡುತ್ತಿರುವಾಗ ದಾರ ಜಗ್ಗು. ಮೋಟಾರು ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಜನ ಹತ್ತಿಸಬೇಡ, ನನಗೆ ಫೋನು ಮಾಡು. ದಾರವನ್ನು ಮಣಿಕಟ್ಟಿಗೋ ತೊಡೆಗೋ ಲೈಫ್ ಜಾಕೆಟ್ಟಿನ ಗಟ್ಟಿ ಬಳೆಗೋ ಸಿಕ್ಕಿಸು. ಅಂಗಿಯ ಗುಂಡಿಗೆ ಬೇಡ, ಗುಂಡಿ ಕಿತ್ತು ಬರುತ್ತದೆ, ಕ್ಲಿಪ್ಪು ಬರುವುದಿಲ್ಲ. ಮೋಟಾರಿನ ಹಿಡಿಗೆ ಸುತ್ತಿಕೊಂಡಿರಲೂಬಾರದು. ಇನ್ನೊಂದು ಮಾತು ಯಾರೂ ಹೇಳಿಕೊಡುವುದಿಲ್ಲ, ಅದನ್ನು ಮರೆಯಬೇಡ. ಬಿಡಿ ಕ್ಲಿಪ್ಪೊಂದನ್ನು ದೋಣಿಯಲ್ಲೇ ಇಟ್ಟಿರು. ನೀನು ದಾರ ಸಮೇತ ನೀರಿಗೆ ಬಿದ್ದರೆ ಮೋಟಾರು ನಿಂತಿರುತ್ತದೆ, ಆದರೆ ಕ್ಲಿಪ್ಪು ನಿನ್ನ ಜೊತೆ ನೀರಿನಲ್ಲಿರುತ್ತದೆ. ದೋಣಿಯಲ್ಲಿ ಉಳಿದವರು ಮೋಟಾರು ಓಡಿಸಿ ನಿನ್ನ ಹತ್ತಿರ ಬರಲು ಇನ್ನೊಂದು ಕ್ಲಿಪ್ಪು ಬೇಕು. ಹೊರಡುವ ಮುಂಚೆ ಮುಂದೆ ಕೂತ ದೊಡ್ಡವರೊಬ್ಬರಿಗೆ ಅದನ್ನು ತೋರಿಸಿ, ಎಲ್ಲಿ ಸಿಕ್ಕಿಸಬೇಕು ಎಂದು ಹೇಳು. ಅರ್ಧ ನಿಮಿಷದ ಕೆಲಸ.

2019ರ ಆಗಸ್ಟ್‌ನಲ್ಲಿ ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದಾಗ ರಬ್ಬರ್ ದೋಣಿಗಳಲ್ಲಿ ಜನರನ್ನು ಸಾಗಿಸಿದ್ದು ನಿನಗೆ ಗೊತ್ತು. ಅವತ್ತು ಸೇತುವೆಯ ಈಚೆ ಕೊಪ್ಪದ ಕಡೆ ನಿಂತು ನಾನು ನೋಡಿದ್ದೆ. ಮೋಟಾರಿನ ಹಿಡಿ ಹಿಡಿದಿದ್ದ ಯುವಕನೊಬ್ಬನ ಮಣಿಕಟ್ಟಿನಲ್ಲಿ ಕೆಂಪು ಸುರುಳಿ ಕಾಣುತ್ತಿತ್ತು. ಮಳೆ ಸುರಿಯುತ್ತಿತ್ತು, ಒಬ್ಬ ಮುದುಕಿಯನ್ನು ಎತ್ತಿ ಕೂರಿಸಬೇಕಿತ್ತು. ಅವನು ಮೊದಲು ಮೋಟಾರು ಆರಿಸಿದ, ಆಮೇಲೆ ಅಜ್ಜಿಯನ್ನು ಕೂರಿಸಿದ, ಆಮೇಲೆ ಕ್ಲಿಪ್ಪು ಸಿಕ್ಕಿಸಿ ಹಗ್ಗ ಎಳೆದ. ಅಷ್ಟು ಅವಸರದಲ್ಲೂ ಆ ಕ್ರಮ ತಪ್ಪಲಿಲ್ಲ. ಆ ಹುಡುಗನೂ ನಿನ್ನ ವಯಸ್ಸಿನವನೇ.

ಹಗ್ಗ ಎಳೆಯುವ ವಿಷಯ ಬಂತು. ನೀನು ಎದ್ದು ನಿಂತು, ಹಿಂದೆ ಯಾರಿದ್ದಾರೆ ಎಂದು ನೋಡದೆ ಎಳೆದೆ. ನಿನ್ನ ಮೊಣಕೈ ಒಬ್ಬ ತಾಯಿಯ ತೋಳಲ್ಲಿದ್ದ ಮಗುವಿನ ಹಣೆಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಯೇ ಎಳೆಯಬೇಕು. ಹಳೇ ಮೋಟಾರುಗಳಲ್ಲಿ ಗೇರಿನಲ್ಲಿದ್ದರೂ ಸ್ಟಾರ್ಟ್ ಆಗಿಬಿಡುತ್ತದೆ, ದೋಣಿ ಮುಂದಕ್ಕೆ ನೆಗೆಯುತ್ತದೆ, ನಿಂತವನು ಹಿಂದಕ್ಕೆ, ಅಂದರೆ ಫ್ಯಾನಿನ ಕಡೆಗೆ ಬೀಳುತ್ತಾನೆ. ಸ್ಟಾರ್ಟ್ ಆದ ಮೇಲೆ ಮೋಟಾರಿನ ಪಕ್ಕದಿಂದ ನೀರಿನ ಸಣ್ಣ ಧಾರೆ ಬರುತ್ತಿದೆಯೇ ನೋಡು. ಬರದಿದ್ದರೆ ಇಂಜಿನ್ನು ತಣ್ಣಗಾಗುತ್ತಿಲ್ಲ ಎಂದರ್ಥ. ಪಾಚಿಯೋ ಬಿಸ್ಕೆಟ್ ಕವರೋ ಕೆಳಗಿನ ಜಾಲರಿಗೆ ಅಂಟಿರುತ್ತದೆ. ಆರಿಸಿ, ಎತ್ತಿ, ತೆಗೆದು ಮುಂದುವರಿ. ನಡುನೀರಿನಲ್ಲಿ ಇಂಜಿನ್ನು ಕಚ್ಚಿಕೊಂಡರೆ ದೋಣಿ ಗಾಳಿಯ ಪಾಲು.

ಹಿಂಬದಿ ಹಲಗೆಗೆ ಮೋಟಾರು ಬಿಗಿಯುವ ಎರಡು ತಿರುಪುಗಳನ್ನೂ ದಿನಾ ಬೆಳಗ್ಗೆ ಬಿಗಿ ಮಾಡು, ನಡುಕಕ್ಕೆ ಅವು ಸಡಿಲಾಗುತ್ತಲೇ ಇರುತ್ತವೆ. ಮೋಟಾರಿಗೊಂದು ಸರಪಳಿಯೂ ಇರಲಿ. ಹುಟ್ಟು ಹಾಕಲೆಂದು ಮಾಡಿದ ಹಳೇ ದೋಣಿಗೆ ದೊಡ್ಡ ಮೋಟಾರು ಕಟ್ಟುವವರನ್ನು ನೋಡಿದ್ದೇನೆ, ಹಲಗೆಗೆ ಅಷ್ಟು ತಾಕತ್ತಿರುವುದಿಲ್ಲ.

ಇನ್ನು ಪೆಟ್ರೋಲು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಬಿದ್ದು ವರ್ಷದ ಸೊಪ್ಪು ಬೂದಿಯಾದದ್ದನ್ನು ಕಂಡ ಊರಿನವನು ನಾನು, ಬೆಂಕಿಯ ವಿಷಯಕ್ಕೆ ಸಲಿಗೆ ನನಗಾಗದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯಲ್ಲೇ ಟ್ಯಾಂಕು ತುಂಬಿದರೆ ಆವಿ ಮೇಲಕ್ಕೆ ಹೋಗುವುದಿಲ್ಲ, ದೋಣಿಯ ತಳದಲ್ಲಿ, ಜನರ ಪಾದದ ಹತ್ತಿರ ಕಾಣದ ನೀರಿನ ಹಾಗೆ ನಿಲ್ಲುತ್ತದೆ. ಟ್ಯಾಂಕನ್ನು ದಡಕ್ಕೆ ತಂದು, ನೆಲದ ಮೇಲಿಟ್ಟು ತುಂಬು. ಮೊನ್ನೆ ನಿನ್ನ ಬಾಯಲ್ಲಿ ಬೀಡಿ ಇರಲಿಲ್ಲ, ಅದು ನಿನ್ನ ಒಳ್ಳೆಯ ಗುಣ. ಆದರೆ ಪಕ್ಕದಲ್ಲಿ ಕೂತವರೊಬ್ಬರ ಕೈಯಲ್ಲಿ ಸಿಗರೇಟಿತ್ತು, ನೀನು ಬೇಡ ಅನ್ನಲಿಲ್ಲ. ದುಡ್ಡು ಕೊಟ್ಟವರಿಗೆ ಬೇಡ ಅನ್ನುವುದು ಕಷ್ಟ ಎಂದು ನನಗೂ ಗೊತ್ತು. ಆದರೂ ನೀರಿನ ಮೇಲೆ ಯಜಮಾನ ನೀನು. ಅವರು ಊರಿನಲ್ಲಿ ಎಷ್ಟು ದೊಡ್ಡವರಾದರೂ ಆ ಅರ್ಧ ಗಂಟೆ ನಿನ್ನ ಮಾತು ಕೇಳಬೇಕಾದವರು.

ಆನೆ ಕಂಡಾಗ ಆದದ್ದು ನೆನಪಿದೆಯಾ? ಎಡದ ದಡದಲ್ಲಿ ಮರಿ ಸಮೇತ ಐದು ಆನೆ. ಹನ್ನೊಂದರಲ್ಲಿ ಒಂಬತ್ತು ಜನ ಎದ್ದು ಎಡಕ್ಕೆ ಬಂದರು, ಫೋನು ಎತ್ತಿ ಹಿಡಿದರು. ಬಲಗಡೆಯ ಅಂಚು ನೀರಿನಿಂದ ಒಂದು ಮೊಳ ಮೇಲಕ್ಕೆದ್ದಿತು, ಎಡದ ಅಂಚಿಗೆ ನೀರು ನಾಲ್ಕು ಬೆರಳು ಕೆಳಗಿತ್ತು. ನಾನು ನನ್ನ ಬೆರಳಿಟ್ಟು ಅಳೆದೆ. ನೀನೂ ಆನೆ ನೋಡುತ್ತಿದ್ದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಜಲಕನ್ಯಕಾ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿ ನೋಡಲು ಜನ ಒಂದು ಬದಿಗೆ ಸರಿದರು ಎಂದು ಆಗ ವರದಿಗಳಲ್ಲಿ ಬಂದಿತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು, 16 ಜನ ಹೋದರು, ಹಾವೇರಿ ಕಡೆಯಿಂದ ಬಂದ ಒಂದೇ ಮನೆಯ ಹಲವರು ಅದರಲ್ಲಿದ್ದರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ 22 ಜನ, ಬಹುಪಾಲು ಮಕ್ಕಳು ಮತ್ತು ಹೆಂಗಸರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ನಿನ್ನನ್ನು ಹೆದರಿಸಲೆಂದು ಈ ಲೆಕ್ಕ ಕೊಡುತ್ತಿಲ್ಲ. ಇವರೆಲ್ಲ ನಗುತ್ತ ದೋಣಿ ಹತ್ತಿದವರು. ಬೈಲಕುಪ್ಪೆಯ ದೇವಸ್ಥಾನ ನೋಡಿ, ದುಬಾರೆ ನೋಡಿ, ಕೊನೆಗೆ ನಿನ್ನ ದೋಣಿಗೆ ಬರುವವರ ಹಾಗೆಯೇ.

ಹೊರಡುವ ಮುಂಚೆಯೇ ಹೇಳಿಬಿಡು: ಪ್ರಾಣಿ ಕಂಡರೆ ಯಾರೂ ಏಳಬಾರದು, ನಾನು ದೋಣಿ ತಿರುಗಿಸಿ ಎರಡೂ ಕಡೆಯವರಿಗೂ ತೋರಿಸುತ್ತೇನೆ ಅಂತ. ಈ ಭರವಸೆ ಕೊಟ್ಟರೆ ಜನ ಕೂರುತ್ತಾರೆ. ಸುಮ್ಮನೆ ಕೂರಿ ಕೂರಿ ಎಂದು ಕೂಗಿದರೆ ಕೂರುವುದಿಲ್ಲ.

ಲೈಫ್ ಜಾಕೆಟ್ ನಿನ್ನಲ್ಲಿ ಹದಿನೈದಿದ್ದವು, ಒಂದಕ್ಕೂ ಕಸೆ ಹಾಕಿಸಲಿಲ್ಲ. ಬಕಲು ಹಾಕದ ಜಾಕೆಟ್ ನೀರಿಗೆ ಬಿದ್ದ ತಕ್ಷಣ ತಲೆಯ ಮೇಲಿಂದ ಜಾರಿ ತಾನು ತೇಲುತ್ತದೆ, ಮನುಷ್ಯ ಕೆಳಗೆ ಹೋಗುತ್ತಾನೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ತೊಡೆಸಂದಿನ ಪಟ್ಟಿ ಇರುವಂಥದ್ದು. ನೀನಂತೂ ಹಾಕಿಯೇ ಇರಲಿಲ್ಲ. ಈಜು ಬರುತ್ತದೆ ಅಂದೆ. ಫ್ಯಾನು ತಾಗಿದವನಿಗೆ, ಮೋಟಾರಿನ ತಲೆ ಬಡಿದು ಎಚ್ಚರ ತಪ್ಪಿದವನಿಗೆ ಈಜು ಬರುವುದಿಲ್ಲ.

ಯಾರಾದರೂ ಬಿದ್ದರೆ ಏನು ಮಾಡುತ್ತೀಯ ಎಂದು ಕೇಳಿದಾಗ "ರಿವರ್ಸ್ ತಗೊಂಡು ಎತ್ಕೋತೀನಿ" ಅಂದೆಯಲ್ಲ, ಆ ಮಾತು ನನ್ನನ್ನು ರಾತ್ರಿ ಮಲಗಗೊಡಲಿಲ್ಲ. ರಿವರ್ಸ್ ಎಂದರೆ ಫ್ಯಾನನ್ನು ಅವನ ಕಡೆಗೇ ಒಯ್ಯುವುದು. ಎಡಗಡೆ ಬಿದ್ದರೆ ದೋಣಿಯನ್ನು ಎಡಕ್ಕೇ ತಿರುಗಿಸು, ಎಂದರೆ ಹಿಡಿಯನ್ನು ಬಲಕ್ಕೆ ನೂಕು. ಆಗ ದೋಣಿಯ ಹಿಂಭಾಗ ಬಲಕ್ಕೆ ಸರಿದು ಫ್ಯಾನು ಅವನಿಂದ ದೂರ ಹೋಗುತ್ತದೆ. ತಕ್ಷಣ ನ್ಯೂಟ್ರಲ್. ಅವನು ದೂರವಾದ ಮೇಲೆ ಸುತ್ತಿ ಬಂದು, ಗಾಳಿಗೆ ಎದುರಾಗಿ, ನಿಧಾನ ಹತ್ತಿರ ಸಾಗು. ಕೈಗೆ ಸಿಗುವ ಮುಂಚೆ ಮೋಟಾರು ಆರಿಸು. ಪಕ್ಕದಿಂದ ಎತ್ತು, ಉಳಿದವರು ಎದುರು ಬದಿಯಲ್ಲಿ ಕೂತಿರಲಿ. ಖಾಲಿ ದೋಣಿಯಲ್ಲಿ, ಒಂದು ಕೊಡಪಾನವನ್ನು ನೀರಿಗೆಸೆದು ಇದನ್ನು ಹತ್ತು ಸಲ ಅಭ್ಯಾಸ ಮಾಡು. ಕೈಗೆ ರೂಢಿಯಾಗಿರಬೇಕು, ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ.

ನಮ್ಮ ಸೀಮೆಯ ನೀರಿಗೆ ಅದರದೇ ಆದ ಅಪಾಯವೂ ಇದೆ. ಬೀಚನಹಳ್ಳಿಯಲ್ಲಿ ಕಬಿನಿಗೆ 1974ರಲ್ಲಿ ಅಣೆಕಟ್ಟಾದಾಗ ಕಾಕನಕೋಟೆಯ ಕಾಡು ನಿಂತ ಹಾಗೇ ಮುಳುಗಿತು. ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಡು ಅದು, ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಮರಗಳ ಬೊಡ್ಡೆಗಳು ಇಂದಿಗೂ ಅಲ್ಲೇ ಇವೆ. ಬೇಸಗೆಯಲ್ಲಿ ನೀರು ಇಳಿದಾಗ ಕೆಲವು ತಲೆ ಎತ್ತುತ್ತವೆ, ಕೆಲವು ಒಂದು ಗೇಣು ಕೆಳಗೇ ಉಳಿಯುತ್ತವೆ. ಆ ಒಂದು ಗೇಣು ಕೆಳಗಿನದೇ ಮೋಸ. ಏಪ್ರಿಲ್, ಮೇ ತಿಂಗಳಲ್ಲಿ ಆನೆಗಳು ಹಿನ್ನೀರಿಗೆ ಇಳಿಯುತ್ತವೆ, ಜನರೂ ಹೆಚ್ಚು ಬರುತ್ತಾರೆ, ಬೊಡ್ಡೆಗಳು ಫ್ಯಾನಿಗೆ ಸಿಗುವುದೂ ಆಗಲೇ. ಅಂಥ ಕಡೆ ನಿಧಾನ ಹೋಗು. ಮುಂದಕ್ಕೆ ಹೋಗುವಾಗ ಮೋಟಾರಿನ ಹಿಂಬೀಗ ಬಿಟ್ಟಿರಲಿ, ಬೊಡ್ಡೆ ತಾಗಿದರೆ ಮೋಟಾರು ಮೇಲಕ್ಕೆ ಮಡಚಿಕೊಳ್ಳಬೇಕು. ಬೀಗ ಬಿದ್ದಿದ್ದರೆ ಹಲಗೆಯೇ ಕಿತ್ತು ಬರುತ್ತದೆ. ಆ ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ಹಿರಿಯರಿಗೆ ಯಾವ ಬೊಡ್ಡೆ ಎಲ್ಲಿದೆ ಎಂಬುದು ಅಂಗೈ ಗೆರೆಯ ಹಾಗೆ ಗೊತ್ತು. ಅವರ ಹತ್ತಿರ ಒಂದು ದಿನ ಕೂತು ಕೇಳು. ಅವರ ತೆಪ್ಪದ ಹತ್ತಿರ ಹಾಯುವಾಗ ವೇಗ ಇಳಿಸು, ನಿನ್ನ ಅಲೆಗೆ ತೆಪ್ಪ ಮಗುಚುತ್ತದೆ. ಬಲೆಯ ಮೇಲೆ ಹಾಯಿಸಿದರೆ ಅವರ ಹೊಟ್ಟೆಗೂ ಏಟು, ನಿನ್ನ ಫ್ಯಾನಿಗೂ ಕಂಟಕ.

ಬೇಕಾದಾಗ ಮೋಟಾರು ಸ್ಟಾರ್ಟ್ ಆಗದಿರುವುದೂ ಒಂದು ಅಪಾಯವೇ. ಎಚ್.ಡಿ. ಕೋಟೆಯ ಕಾಡಿನ ಮಾಸ್ತಿಗುಡಿಯ ಹೆಸರಿಟ್ಟ ಸಿನಿಮಾದ ಚಿತ್ರೀಕರಣದಲ್ಲಿ, 2016ರ ನವೆಂಬರ್ 7ರಂದು, ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದವರು ಅವರು. ಎತ್ತಿಕೊಳ್ಳಬೇಕಿದ್ದ ಮೋಟಾರು ದೋಣಿ ಬೇಕಾದ ಗಳಿಗೆಯಲ್ಲಿ ಸ್ಟಾರ್ಟ್ ಆಗಲಿಲ್ಲ ಎಂದು ಪತ್ರಿಕೆಗಳಲ್ಲಿ ಓದಿದೆ. ಅವತ್ತು ಅಂಗಡಿಯಲ್ಲಿ ಕೂತು ನಾನು ಬಹಳ ಹೊತ್ತು ಪ್ಲಗ್ಗೊಂದನ್ನು ಉಜ್ಜುತ್ತಲೇ ಇದ್ದೆ. ಒಂದು ಪ್ಲಗ್ಗು, ಒಂದು ತೊಟ್ಟು ನೀರು ಸೇರಿದ ಪೆಟ್ರೋಲು, ತೆರೆಯಲು ಮರೆತ ಟ್ಯಾಂಕಿನ ಗಾಳಿತಿರುಪು, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು ಮೋಟಾರು ಸ್ಟಾರ್ಟ್ ಆಗದಿರಲು. ದೋಣಿಯಲ್ಲಿ ಎರಡು ಹುಟ್ಟು ಯಾವಾಗಲೂ ಇರಲಿ. ನಿನ್ನದರಲ್ಲಿ ಒಂದೇ ಇತ್ತು, ಅದೂ ಸೀಳಿತ್ತು.

ಇದೊಂದು ಮಾತು ನನಗೂ ನನ್ನಂಥ ಮೆಕ್ಯಾನಿಕ್ಕುಗಳಿಗೂ ಸೇರಿದ್ದು. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಇಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ವೇಗದ ದೋಣಿ ಹತೋಟಿ ತಪ್ಪಿ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್ ಕಮಲ್ ಎಂಬ ಪ್ರಯಾಣಿಕರ ದೋಣಿಗೆ ಬಡಿಯಿತು, 15 ಜನ ಸತ್ತರು. ರಿಪೇರಿ ಆದ ಮೋಟಾರನ್ನು ಜನರನ್ನು ಕೂರಿಸಿಕೊಂಡು, ಜನರಿರುವ ಕಡೆ ಓಡಿಸಿ ನೋಡಬಾರದು. ನಾನೇ ಎರಡು ಸಲ ಹಾಗೆ ಮಾಡಿದ್ದೇನೆ, ಇನ್ನು ಮಾಡುವುದಿಲ್ಲ.

ಕಾಗದ ಪತ್ರದ ವಿಷಯ ನಿನ್ನ ಮಾಲೀಕರಿಗೆ ಸೇರಿದ್ದು. 1917ರ ಹಳೇ ಕಾಯ್ದೆ ಹೋಗಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ದೋಣಿಗೆ ನೋಂದಣಿ, ತಪಾಸಣೆ, ಓಡಿಸುವವನಿಗೆ ಯೋಗ್ಯತಾ ಪತ್ರ ಎಲ್ಲ ಅದರಲ್ಲಿವೆ. ನಿನ್ನ ಯಜಮಾನರನ್ನು ಧೈರ್ಯವಾಗಿ ಕೇಳು. ಏನಾದರೂ ಆದರೆ ಮೊದಲು ಸಿಕ್ಕಿಬೀಳುವವನು ಹಿಡಿ ಹಿಡಿದಿದ್ದವನು. ಪ್ರತಿ ಟ್ರಿಪ್ಪಿಗೆ ಹತ್ತು ನಿಮಿಷ ಮಾತ್ರ ಬಿಡುವು, ಭಾನುವಾರ ಊಟಕ್ಕೂ ಪುರುಸೊತ್ತಿಲ್ಲ ಎಂದು ನೀನು ಹೇಳಿದ್ದು ನನ್ನ ಕಿವಿಯಲ್ಲಿದೆ. ಆ ಅವಸರ ನಿನ್ನ ತಪ್ಪಲ್ಲ. ಆದರೆ ನೀರಿನಲ್ಲಿ ಅದರ ಬೆಲೆ ತೆರುವವನು ನೀನು ಮತ್ತು ನಿನ್ನ ಮುಂದೆ ಕೂತವರು.

ನಿನ್ನ ಕೈ ಒಳ್ಳೆಯದು. ಅಡ್ಡಗಾಳಿ ಬೀಸಿದಾಗ ನೀನು ವೇಗ ಇಳಿಸಿ ಅಲೆಯನ್ನು ಓರೆಯಾಗಿ ಹಾಯಿಸಿದ ರೀತಿ ನೋಡಿ ಸಂತೋಷಪಟ್ಟೆ, ಅದನ್ನು ಯಾರೂ ಹೇಳಿಕೊಟ್ಟು ಬರುವುದಿಲ್ಲ. ಇಷ್ಟು ಉದ್ದ ಬರೆದದ್ದೂ ಅದಕ್ಕೇ.

ದಡದ ಟೀ ಅಂಗಡಿಯಲ್ಲಿ ನಿನಗೊಂದು ಪೊಟ್ಟಣ ಬಿಟ್ಟಿದ್ದೇನೆ. ಎರಡು ಕೆಂಪು ದಾರ ಕ್ಲಿಪ್ಪು ಸಮೇತ, ಎರಡು ಪ್ಲಗ್ಗು, ಒಂದು ಸ್ಪ್ಯಾನರು, ಟ್ಯಾಂಕು ಕಟ್ಟಲು ಎರಡು ಗಜ ನೈಲಾನ್ ಹಗ್ಗ. ಎಲ್ಲ ಕ್ಲಿಪ್ಪೂ ಎಲ್ಲ ಮೋಟಾರಿಗೆ ಕೂರುವುದಿಲ್ಲ, ನಿನ್ನ ಮೋಟಾರಿನ ನಂಬರು ಬರೆದುಕೊಂಡು ಹೋಗಿ ಅದರದೇ ತಂದಿದ್ದೇನೆ. ದುಡ್ಡಿನ ಮಾತು ಬೇಡ. ಆ ಪಿವಿಸಿ ಚೂರನ್ನು ಮಾತ್ರ ಟೀ ಅಂಗಡಿಯವರ ಕೈಯಲ್ಲಿ ನನಗೆ ಕಳಿಸಿಕೊಡು.

ಇಂತಿ,
ನಿನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ